ನಾಲ್ಕು ಹತ್ತಿದರೇ ಬಸ್ಸು ಹೊರಡೋದು

ಮೂಡಲು ಇನ್ನೂ ಕೆಂಪೇರಿಲ್ಲ. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳ ದೀಪಗಳು ಮಿಣುಕುತ್ತಲೇ ಇವೆ. ಹಿರಿಯೂರು ತಾಲ್ಲೂಕು ಜವನಗೊಂಡನಹಳ್ಳಿ ಹೋಬಳಿಯ ಕರೇಕಲ್ಲಹಟ್ಟಿಯಲ್ಲಿ ಅಂಗನವಾಡಿಯ ಅಂಗಳ ಆಗಲೇ ಗುಡಿಸಿ ನೀರು ಹಾಕಿಸಿಕೊಂಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಬಗ್ಗಿ, ರಂಗೋಲಿ ಪುಡಿಯಲ್ಲಿ ಚೌಕದ ಪಕ್ಕ ಚೌಕ ಎಳೆಯುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಾರೆ. ಚೌಕದೊಳಗೆ ಹೂವಿಲ್ಲ, ಬಳ್ಳಿಯಿಲ್ಲ. ಬಾಗಿಲ ಬುಡದ ಚೌಕದಲ್ಲಿ ಒಂದು, ಅದರ ಮುಂದಿನದರಲ್ಲಿ ಎರಡು, ಹೀಗೇ ಬೇವಿನ ಮರದವರೆಗೆ ಅಂಕಿಗಳ ದಾರಿ.

ಇವರು ದಾಕ್ಷಾಯಿಣಿ, ಇಲ್ಲಿನ ಅಂಗನವಾಡಿ ಕಾರ್ಯಕರ್ತೆ. ಊರಿನವರ ಬಾಯಲ್ಲಿ ಟೀಚರಮ್ಮ. ಕೇಂದ್ರದ ಬಾಗಿಲು ತೆರೆಯಬೇಕಾದದ್ದು ಒಂಬತ್ತೂವರೆಗೆ. ಇವರು ಮಾತ್ರ ಕೋಳಿ ಕೂಗುವ ಹೊತ್ತಿಗೇ ಬಂದುಬಿಡುತ್ತಾರೆ. ಕಾರಣ ಕೇಳಿದರೆ ರಸ್ತೆಯತ್ತ ಕೈ ತೋರಿಸುತ್ತಾರೆ. ಅಲ್ಲಿ ಬುಟ್ಟಿ ಹಿಡಿದ ಹೆಂಗಸರು ಬರುತ್ತಿದ್ದಾರೆ, ಸೇವಂತಿಗೆ ಹೊಲಕ್ಕೆ ಹೂ ಬಿಡಿಸಲು ಹೊರಟವರು. ಒಬ್ಬಳ ಹೆಗಲ ಮೇಲೆ ನಿದ್ದೆಗಣ್ಣಿನ ಮಗು, ಇನ್ನೊಬ್ಬಳ ಬೆರಳು ಹಿಡಿದು ಮತ್ತೊಂದು.

"ಹೂವು ಒಂಬತ್ತೂವರೆ ತನಕ ಕಾಯಂಗಿಲ್ಲ. ಬಿಸಿಲು ಬೀಳೋದ್ರೊಳಗೆ ಬಿಡಿಸಿ ಮಾರ್ಕೆಟ್‌ಗೆ ಕಳಿಸ್ಬೇಕು. ಈ ಹುಡ್ರನ್ನ ಹೊಲದ ಬದುವಿನಾಗೆ ಮಲಗಿಸಿದ್ರೆ ಹಾವು ಹುಳ ಅಂತ ಭಯ. ಅದಕ್ಕೆ ಇಲ್ಲಿ ಬಿಟ್ಟು ಹೋಗ್ರಿ ಅಂದೆ" ಎಂದು ಹೇಳುತ್ತಾ ದಾಕ್ಷಾಯಿಣಿ ಹೆಗಲ ಮೇಲಿನ ಮಗುವನ್ನು ಇಳಿಸಿಕೊಳ್ಳುತ್ತಾರೆ. "ಇವತ್ತು ಎಲ್ಲಿ ನಿಂತ್ಕಂತೀಯಪ್ಪ?"

ಮಗು ಕಣ್ಣು ಪೂರ್ತಿ ಬಿಡದೆಯೇ ನಡೆಯುತ್ತದೆ. ಒಂದು ದಾಟಿ, ಎರಡು ದಾಟಿ, ಮೂರರಲ್ಲಿ ಕುಕ್ಕರಿಸುತ್ತದೆ. "ನಂಗೆ ಮೂರು ವರ್ಸ" ಎಂದು ಕಾರಣವನ್ನೂ ಹೇಳುತ್ತದೆ. ಟೀಚರಮ್ಮ ತಲೆಯಾಡಿಸುತ್ತಾರೆ. ಅಂದಿನ ಪಾಠ ಶುರುವಾಗಿದೆ.

ಬಿಸಿಲೇರಿ ಹಾಜರಿ ತುಂಬಿತೆಂದರೆ ಕರೇಕಲ್ಲಹಟ್ಟಿಯ ಹೆಸರಾಂತ 'ಬಸ್ ಆಟ'. ಪುಟಾಣಿ ಕುರ್ಚಿಗಳನ್ನು ಸಾಲಾಗಿ ಇಟ್ಟರೆ ಅದು ಹಿರಿಯೂರಿಗೆ ಹೋಗುವ ಬಸ್ಸು. ಹಳೇ ಲಗ್ನಪತ್ರಿಕೆ ಕತ್ತರಿಸಿ ಅಂಕಿ ಬರೆದದ್ದು ಟಿಕೆಟ್ಟು. ಒಬ್ಬಳು ಕಂಡಕ್ಟರ್. ಒಂದನೇ ಟಿಕೆಟ್ಟಿನವನು ಡ್ರೈವರ್ ಹಿಂದೆ, ಎರಡು ಅದರ ಹಿಂದೆ. ತಳ್ಳಾಟ, ಜಗಳ, 'ಇದು ನನ್ನ ಸೀಟು ಕಣೋ'. ಎಲ್ಲ ಕೂತ ಮೇಲೆ ಕಂಡಕ್ಟರ್ ಸಾಲು ನೋಡುತ್ತಾಳೆ. ಮೂರರ ಹಿಂದೆ ಕುರ್ಚಿ ಖಾಲಿ, ಅದರ ಹಿಂದೆ ಐದು.

"ಯಾರು ಬಂದಿಲ್ಲ?" ಎಂದು ಟೀಚರಮ್ಮ ಕೇಳುತ್ತಾರೆ.

"ನಾಲ್ಕು ಬಂದಿಲ್ಲ" ಎಂದು ಇಡೀ ಬಸ್ಸು ಕೂಗುತ್ತದೆ. ಬೇವಿನ ಮರದ ಹಿಂದೆ ಅಡಗಿದ್ದ ನಾಲ್ಕು ಓಡಿ ಬಂದು ಕೂತ ಮೇಲೆಯೇ ಪೀಪಿ ಸದ್ದು. ನಾಲ್ಕು ಹತ್ತದಿದ್ದರೆ ಈ ಬಸ್ಸು ಹೊರಡುವುದಿಲ್ಲ. ಮೂರಾದ ಮೇಲೆ ನಾಲ್ಕು ಎಂದು ಯಾರೂ ಇಲ್ಲಿ ಬಾಯಿಪಾಠ ಮಾಡಿಸಿಲ್ಲ. ಮೂರಕ್ಕೂ ಐದಕ್ಕೂ ನಡುವೆ ಒಬ್ಬ ಗೆಳೆಯನ ಜಾಗ ಖಾಲಿ ಇದೆಯೆಂದು ಮಕ್ಕಳಿಗೇ ಕಂಡಿದೆ.

ದಾಕ್ಷಾಯಿಣಿ ಹುಟ್ಟಿದ್ದು ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ. ತಂದೆ ಜಂಬಣ್ಣ ಗಾರೆ ಕೆಲಸದವರು. ಗೋಡೆ ಓರೆಯಾಗದಂತೆ ನೂಲು ಹಿಡಿದು ಇಟ್ಟಿಗೆ ಜೋಡಿಸುತ್ತಿದ್ದ ಅಪ್ಪನ ಮಗಳಿಗೆ ಗಣಿತವೆಂದರೆ ಮಾತ್ರ ಚಳಿಜ್ವರ. ಹತ್ತನೇ ತರಗತಿಯಲ್ಲಿ ಎಲ್ಲ ವಿಷಯ ಪಾಸು, ಲೆಕ್ಕ ಫೇಲು. ಮತ್ತೆ ಕಟ್ಟಿದರು, ಮತ್ತೆ ಫೇಲು. "ಬೋರ್ಡ್ ಮೇಲೆ ಲೆಕ್ಕ ಬರೆದ್ರೆ ನಂಗೆ ಕಣ್ಣು ಕತ್ತಲೆ ಕಟ್ಟದು. ಅಂಕಿ ಎಲ್ಲ ಇರುವೆ ಹರಿದಾಡಿದಂಗೆ ಕಾಣ್ತಿತ್ತು" ಎಂದು ಈಗ ನಗುತ್ತಾರೆ. ಮೂರನೇ ಸಲಕ್ಕೆ ಹೇಗೋ ದಡ ಮುಟ್ಟಿ ಪಿಯುಸಿ ಮುಗಿಸಿದರು. ಮದುವೆಯಾಗಿ ಕರೇಕಲ್ಲಹಟ್ಟಿಗೆ ಬಂದರು. ಗಂಡ ನಾಗರಾಜ್ ಹಿರಿಯೂರಿನಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುತ್ತಾರೆ. ಅಂಗನವಾಡಿ ಕೆಲಸ ಸಿಕ್ಕಾಗ ಮಗಳು ದಿವ್ಯಾ ಇನ್ನೂ ಸೊಂಟದ ಮೇಲಿನ ಕೂಸು.

ಮೊದಲ ವರ್ಷಗಳಲ್ಲಿ ಅವರೂ ಎಲ್ಲರಂತೆಯೇ ಹೇಳಿಕೊಟ್ಟರು. ಒಂದು ಒಂದು, ಎರಡು ಎರಡು ಎಂದು ಇವರು ಕೂಗುವುದು, ಮಕ್ಕಳು ಹಿಂದೆ ಕೂಗುವುದು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಇಪ್ಪತ್ತರವರೆಗೆ ಗಡಗಡನೆ ಹೇಳುತ್ತಿದ್ದ ಜಾಣ ಹುಡುಗನನ್ನು ಕರೆದು ನಾಲ್ಕು ತಟ್ಟೆ ತಾ ಎಂದರು. ಹುಡುಗ ಒಳಗೆ ಹೋಗಿ ಎರಡು ಕೈಯಲ್ಲಿ ಹಿಡಿಸುವಷ್ಟು ತಟ್ಟೆಗಳನ್ನು ಎದೆಗವಚಿಕೊಂಡು ಬಂದ. ಎಷ್ಟು ತಂದೆ ಎಂದರೆ, 'ನಾಲ್ಕು' ಎಂದ.

"ಅವತ್ತು ನಂಗೆ ಗೊತ್ತಾಯ್ತು. ಬಾಯಿಗೆ ಬಂದೈತೆ, ಕೈಗೆ ಬಂದಿಲ್ಲ. ನಂದೂ ಅದೇ ಕತೆ ಆಗಿತ್ತಲ್ಲ. ನಂಗೂ ಯಾರೂ ಕೈಗೆ ಕೊಟ್ಟಿರ್ಲಿಲ್ಲ" ಎನ್ನುತ್ತಾರೆ ದಾಕ್ಷಾಯಿಣಿ.

ಮಾರನೇ ದಿನದಿಂದ ಕೂಗುವುದು ನಿಂತಿತು. ತಟ್ಟೆ ಹಂಚುವುದೇ ಪಾಠವಾಯಿತು. ಇವನಿಗೊಂದು, ಅವಳಿಗೊಂದು, ಮಿಕ್ಕಿತೋ ಸಾಲದಾಯಿತೋ. ಹುಣಸೆ ಬೀಜ ಬಂತು, ಅಳಗುಳಿ ಮಣೆ ಬಂತು, ಕುಂಟಾಬಿಲ್ಲೆ ಬಂತು. ಮಳೆ ಬಂದರೆ ಸೂರಿನಿಂದ ಬೀಳುವ ಹನಿ ಎಣಿಸುವುದು. ಕುರಿ ಮಂದೆ ಹಾದರೆ ಎಲ್ಲರೂ ಬಾಗಿಲಿಗೆ. ಎಣಿಸಿ ಮುಗಿಯುವುದರೊಳಗೆ ಮಂದೆ ಕೆರೆ ಏರಿ ದಾಟಿರುತ್ತದೆ, ಆ ಜಗಳ ಮಧ್ಯಾಹ್ನದವರೆಗೂ ನಡೆಯುತ್ತದೆ. ಬಸ್ ಆಟ ಮಾತ್ರ ಮಕ್ಕಳೇ ಹುಟ್ಟಿಸಿದ್ದು. ಹಿರಿಯೂರು ಸಂತೆಗೆ ಹೋಗಿ ಬಂದ ಹುಡುಗಿಯೊಬ್ಬಳು ಕುರ್ಚಿ ಸಾಲಾಗಿಟ್ಟು 'ಟಿಕೆಟ್ ಟಿಕೆಟ್' ಎಂದು ಆಡುತ್ತಿದ್ದಳು. ಅದಕ್ಕೆ ಅಂಕಿ ಸೇರಿಸಿದ್ದಷ್ಟೇ ತಮ್ಮ ಕೆಲಸ ಎಂದು ದಾಕ್ಷಾಯಿಣಿ ಹೇಳುತ್ತಾರೆ.

ಈ ಬಸ್ಸಿಗೆ ಒಬ್ಬ ದೊಡ್ಡ ಪ್ರಯಾಣಿಕರೂ ಇದ್ದಾರೆ. ಕೇಂದ್ರದ ಸಹಾಯಕಿ ನಿಂಗಕ್ಕ. ಅಡುಗೆ ಮಾಡುವುದು, ಅಂಗಳ ಗುಡಿಸುವುದು, ಮೂಗು ಒರೆಸುವುದು ಎಲ್ಲ ಅವರದೇ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಸದುರ್ಗಕ್ಕೆ ಕೊಟ್ಟ ಮಗಳ ಜತೆ ಮಾತಾಡಬೇಕೆಂದರೆ ಫೋನು ಹಿಡಿದು, ನಂಬರು ಒತ್ತಿಕೊಡಲು ಯಾರಾದರೂ ಸಿಗುತ್ತಾರೇನೋ ಎಂದು ಬೀದಿಯಲ್ಲಿ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಸೀಟು ತುಂಬದಿದ್ದಾಗ ಮಕ್ಕಳು ಅವರನ್ನು ಎಳೆತಂದು ಕೂರಿಸುತ್ತಿದ್ದರು. ಒಮ್ಮೆ ಎಲ್ಲೋ ಕೂತದ್ದಕ್ಕೆ ನಾಲ್ಕು ವರ್ಷದ ಕಂಡಕ್ಟರ್ ಸೊಂಟದ ಮೇಲೆ ಕೈಯಿಟ್ಟು ಗದರಿದಳು. 'ಆಯಮ್ಮ, ನಿಂದು ಆರು. ಇದು ಒಂಬತ್ತು. ಕೆಳಗ್ಗಡೆ ಬಾಲ ಇದ್ರೆ ಒಂಬತ್ತು ಕಣಮ್ಮ.'

ಬೈಸಿಕೊಂಡು ಬೈಸಿಕೊಂಡೇ ನಿಂಗಕ್ಕ ಅಂಕಿಗಳನ್ನೆಲ್ಲ ಕಲಿತರು. ಒಂದು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ, ಅಡುಗೆಮನೆಯ ಗೋಡೆಯ ಮೇಲೆ ದಿವ್ಯಾ ಬರೆದುಕೊಟ್ಟಿದ್ದ ನಂಬರನ್ನು ನೋಡಿ ನೋಡಿ, ಒಂದೊಂದಾಗಿ ಒತ್ತಿದರು. ಆ ಕಡೆಯಿಂದ ಮಗಳು, "ಅವ್ವ, ಯಾರು ಒತ್ತಿಕೊಟ್ರು?" ಎಂದಳು.

"ಯಾರೂ ಇಲ್ಲ ಕಣೇ, ನಾನೇ ಒತ್ತಿದೆ."

ಇದನ್ನು ಹೇಳುವಾಗ ನಿಂಗಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ, ಮುಖ ಆ ಕಡೆ ತಿರುಗಿದೆ.

ಎಲ್ಲವೂ ಹೀಗೇ ಸಲೀಸಾಗಿ ಸಾಗಿತೆಂದಲ್ಲ. ಮೂರು ವರ್ಷದ ಹಿಂದೆ ಊರಿಗೆ ಹಳದಿ ವ್ಯಾನು ಬರತೊಡಗಿತು. ಹೆದ್ದಾರಿಯ ಪಕ್ಕ ಹೊಸದಾಗಿ ಶುರುವಾದ ಕಾನ್ವೆಂಟಿನದು. ಟೈ, ಬೂಟು, ಒಂದು ಚೀಲ ಪುಸ್ತಕ. ಅಲ್ಲಿನ ಮಕ್ಕಳು ವರ್ಷ ತುಂಬುವುದರೊಳಗೆ ನೂರರವರೆಗೆ ಇಂಗ್ಲಿಷಿನಲ್ಲಿ ಬರೆಯುತ್ತವಂತೆ ಎಂಬ ಸುದ್ದಿ ಹಬ್ಬಿತು. ಮೊದಲು ಮಗುವನ್ನು ಬಿಡಿಸಿದವರು ತೆಂಗಿನಕಾಯಿ ಮಂಡಿಯ ಮುರುಗಪ್ಪ. ಊರಿನಲ್ಲಿ ಅವರ ಮಾತಿಗೆ ತೂಕ. ಅವರ ಮೊಮ್ಮಗಳು ಸಿಂಚನಾ ಅಂಗನವಾಡಿಗೆ ಸೇರಿ ಆರು ತಿಂಗಳೂ ಆಗಿರಲಿಲ್ಲ.

"ಟೀಚರಮ್ಮ, ಬೇಜಾರು ಮಾಡ್ಕಬ್ಯಾಡ್ರಿ" ಎಂದರು ಮುರುಗಪ್ಪ, ಬಾಗಿಲಲ್ಲಿ ನಿಂತೇ. "ಕುಂಟಾಬಿಲ್ಲೆ ಆಡಾಕೆ ನಮ್ಮನೆ ಹಿತ್ಲು ಸಾಕು. ಓದು ಅಂದ್ರೆ ಕುಂತು ಓದೋದು. ಮಣ್ಣಾಗೆ ಕುಣಿಯೋದಲ್ಲ."

ದಾಕ್ಷಾಯಿಣಿ ಬಾಯಿ ತೆರೆಯುವುದರೊಳಗೆ ಅವರು ಮಗುವಿನ ಕೈ ಹಿಡಿದು ಹೊರಟಿದ್ದರು. ಸಿಂಚನಾ ಮಾತ್ರ ತಿರುಗಿ ತಿರುಗಿ ನೋಡುತ್ತಾ ಹೋದಳು.

ಮುರುಗಪ್ಪನವರ ಮನೆಯ ಮಗುವೇ ಹೋದ ಮೇಲೆ ಇನ್ನೊಬ್ಬರು ಇರುತ್ತಾರೆಯೇ. ಕೈಲಾದವರು ವ್ಯಾನು ಹತ್ತಿಸಿದರು. ಕೈಲಾಗದವರಲ್ಲಿ ಕೆಲವರು ಸಾಲ ಮಾಡಿ ಹತ್ತಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದ ಕೇಂದ್ರದಲ್ಲಿ ಏಳು ಉಳಿದವು, ಎಲ್ಲವೂ ಹೂ ಬಿಡಿಸುವ ಹೆಂಗಸರ ಮಕ್ಕಳು. ಏಳೇ ಸೀಟಿನ ಬಸ್ಸು ಒಂದು ಸುತ್ತಿಗೇ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಮೇಲ್ವಿಚಾರಕಿ ಬಂದು, ಸಂಕೋಚದಿಂದಲೇ ವಿಷಯ ತಿಳಿಸಿದರು. ಮಕ್ಕಳು ಹೀಗೇ ಕಡಿಮೆಯಾದರೆ ಈ ಕೇಂದ್ರವನ್ನು ಪಕ್ಕದೂರಿನ ಕೇಂದ್ರಕ್ಕೆ ಸೇರಿಸುವ ಮಾತು ನಡೆದಿದೆ. ಬೇಸಿಗೆ ಕಳೆದ ಮೇಲೆ ಊರವರನ್ನು ಸೇರಿಸಿ ಕೇಳುತ್ತಾರೆ.

ಪಕ್ಕದೂರು ಇರುವುದು ಹೆದ್ದಾರಿಯ ಆಚೆ. ಲಾರಿಗಳು ಉಸಿರು ಬಿಡದೆ ಓಡುವ ರಸ್ತೆ. ಮುಂಜಾನೆ ಮಂಜಿನಲ್ಲಿ ಆ ರಸ್ತೆ ದಾಟಿ ಮೂರು ವರ್ಷದ ಮಗುವನ್ನು ಬಿಟ್ಟು, ಮತ್ತೆ ದಾಟಿ ಹೂವಿನ ಹೊಲಕ್ಕೆ ಬರುವುದು ಯಾವ ತಾಯಿಯಿಂದಲೂ ಆಗುವ ಕೆಲಸವಲ್ಲ. "ನನ್ನ ಕೆಲಸ ಹೋಗುತ್ತೆ ಅನ್ನೋದಕ್ಕಿಂತ ಆ ಏಳು ಹುಡ್ರು ಮತ್ತೆ ಬದುವಿನ ಮೇಲೆ ಮಲಗ್ತಾವಲ್ಲ ಅಂತ ಹೊಟ್ಟೆ ಉರೀತು. ಎರಡು ದಿನ ಅನ್ನ ಸೇರ್ಲಿಲ್ಲ" ಎಂದು ದಾಕ್ಷಾಯಿಣಿ ನೆನೆಯುತ್ತಾರೆ.

ಮೂರನೇ ದಿನ ಅವರು ಮುರುಗಪ್ಪನವರ ಮಂಡಿಗೆ ಹೋದರು. ಜಗಳ ಆಡಬೇಕೋ, ಕೈ ಮುಗಿಯಬೇಕೋ ಎಂಬುದು ಅವರಿಗೇ ತಿಳಿದಿರಲಿಲ್ಲ. ಹೋದಾಗ ಮುರುಗಪ್ಪ ರಾಶಿಯ ಮುಂದೆ ಕೂತು ಕಾಯಿ ಎಣಿಸುತ್ತಿದ್ದರು. ಒಂದು ಕೈಯಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಒಂದು ಎಸೆತಕ್ಕೆ ಐದು. ಬಾಯಲ್ಲಿ ರಾಗ, 'ಲಾಭ... ಎರಡೂ... ಮೂರೂ...' ಇಪ್ಪತ್ತು ಎಸೆತಕ್ಕೆ ನೂರು. ನೂರಾದಾಗಲೆಲ್ಲ ಒಂದು ಕಾಯಿ ಗುರುತಿಗೆ ಪಕ್ಕಕ್ಕೆ. ಎಣಿಕೆಯ ನಡುವೆ ಯಾರೂ ಮಾತಾಡಿಸುವಂತಿಲ್ಲ. ದಾಕ್ಷಾಯಿಣಿ ಖಾಲಿ ಚೀಲದ ಮೇಲೆ ಕೂತು ನೋಡಿದರು. ನೋಡುತ್ತಾ ನೋಡುತ್ತಾ, ಬಂದ ಕೆಲಸವೇ ಮರೆತುಹೋಯಿತು.

ರಾಶಿ ಮುಗಿದ ಮೇಲೆ ಕೇಳಿದರು. "ಯಜಮಾನ್ರೆ, ಈ ಎಣಿಕೆ ನಿಮಗೆ ಯಾರು ಕಲಿಸಿದ್ರು?"

"ಕಲಿಸೋರು ಯಾರಮ್ಮ. ಸಣ್ಣೋನಿದ್ದಾಗ ನಮ್ಮಪ್ಪನ ಪಕ್ಕ ಕುಂತ್ಕಂತಿದ್ದೆ. ಅವರು ದೊಡ್ಡ ಕಾಯಿ ಎಸೆದಂಗೆ ನಾನು ಸಣ್ಣ ಸಣ್ಣ ಹರಳು ಕಲ್ಲು ಎಸೀತಿದ್ದೆ. ಆಡ್ತಾ ಆಡ್ತಾ ಬಂತು."

ದಾಕ್ಷಾಯಿಣಿ ಎದ್ದು ನಿಂತು, "ಶನಿವಾರ ಒಂದು ಹೊತ್ತು ಬಿಡುವು ಮಾಡ್ಕಂಡು ನಮ್ಮ ಹುಡ್ರಿಗೂ ಹಿಂಗೇ ಎಣಿಸಿ ತೋರಿಸ್ರಿ. ಅವು ಇಂಥದ್ದು ನೋಡೇ ಇಲ್ಲ" ಎಂದರು. ಮುರುಗಪ್ಪ ಅವರ ಮುಖ ನೋಡಿದರು. ಇದರಲ್ಲೇನೋ ಮಸಲತ್ತು ಇದೆಯೆಂದು ಆಗ ಅನ್ನಿಸಿತ್ತಂತೆ. ಆದರೂ ತಮ್ಮ ಕಸುಬನ್ನು ನೋಡುತ್ತೇವೆ ಎಂದು ಕರೆದವರು ಆವರೆಗೆ ಯಾರೂ ಇರಲಿಲ್ಲ.

ಶನಿವಾರ ಅವರು ಒಂದು ಚೀಲ ಎಳೆಗಾಯಿ ಹೊರಿಸಿಕೊಂಡು ಬಂದರು. ಮಕ್ಕಳ ಕೈಗೆ ಹಿಡಿಸಲಿ ಎಂದು ಸಣ್ಣವನ್ನೇ ಆರಿಸಿದ್ದರು. ಕಾನ್ವೆಂಟಿಗೆ ಅರ್ಧ ದಿನದ ರಜೆ, ಸಿಂಚನಾ ತಾತನ ಪಂಚೆ ಹಿಡಿದು ಬಂದಿದ್ದಳು. ಮುರುಗಪ್ಪ ಅಂಗಳದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. 'ಲಾಭ... ಎರಡೂ...'

"ತಾತ, ಒಂದು ಎಲ್ಲಿಗೋಯ್ತು?" ಎಂದಿತು ಮುಂದೆ ಕೂತ ಮಗು.

ಮುರುಗಪ್ಪನವರ ಕೈ ನಿಂತಿತು. ಎಣಿಕೆಯ ನಡುವೆ ಮಾತಾಡಿದವರನ್ನು ಅವರು ಎಂದೂ ಸುಮ್ಮನೆ ಬಿಟ್ಟವರಲ್ಲ. ಆಳುಗಳೆಲ್ಲ ನಡುಗುವ ಆ ಮನುಷ್ಯ ಅಂದು ನಕ್ಕುಬಿಟ್ಟರು. "ಒಂದು ಎಲ್ಲೂ ಹೋಗಿಲ್ಲ ಕಣಪ್ಪ. ಎಣಿಕೆ ಶುರು ಮಾಡೋವಾಗ ಒಂದು ಅನ್ನಬಾರ್ದು, ಲಾಭ ಅನ್ನಬೇಕು. ಮನೆಗೆ ಒಳ್ಳೇದಾಗ್ಲಿ ಅಂತ." ಆ ಮಧ್ಯಾಹ್ನವೆಲ್ಲ ಮಕ್ಕಳು ಎಸೆದದ್ದೇ ಎಸೆದದ್ದು. ಐದರ ರಾಶಿ, ಹತ್ತರ ರಾಶಿ. ತಪ್ಪಿದರೆ ತಾತನ ಮುಖ ನೋಡುವುದು, ತಾತ ಮೊದಲಿನಿಂದ ಶುರು ಮಾಡಿಸುವುದು. ಅಂದಿನಿಂದ ಇಂದಿನವರೆಗೂ ಕರೇಕಲ್ಲಹಟ್ಟಿಯ ಬಸ್ಸಿನಲ್ಲಿ ಒಂದನೇ ಸೀಟಿಗೆ ಲಾಭ ಎಂದೇ ಹೆಸರು.

ಎಲ್ಲರೂ ಎಸೆಯುತ್ತಿದ್ದರೆ ಸಿಂಚನಾ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಐವತ್ತರವರೆಗೆ ಇಂಗ್ಲಿಷಿನಲ್ಲಿ ನಿಲ್ಲಿಸದೆ ಹೇಳುವ ಮಗು. ಆದರೆ ಏಳಾದ ಮೇಲೆ ಏನು ಎಂದು ಕೇಳಿದರೆ ಮತ್ತೆ ಒಂದರಿಂದ ಶುರು ಮಾಡಿಕೊಂಡು ಬರಬೇಕು, ನಡುವೆ ತಡವರಿಸಿದರೆ ಕಣ್ಣಲ್ಲಿ ನೀರು. ಬೆಳಗ್ಗೆ ವ್ಯಾನಿನ ಹಾರನ್ ಕೇಳಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆಂದು ಅವಳ ತಾಯಿ ಮಮತಾ ದಾಕ್ಷಾಯಿಣಿಯ ಬಳಿ ಹೇಳಿಕೊಂಡಿದ್ದರು. ದಾಕ್ಷಾಯಿಣಿ ಮಗುವನ್ನು ಏನೂ ಕೇಳಲಿಲ್ಲ. ಅಂಗಳದ ಅಂಕಿಗಳ ದಾರಿಯ ಏಳರಲ್ಲಿ ತಾವೇ ಹೋಗಿ ನಿಂತು, "ನಂಗೆ ಮುಂದಿನ ಮನೆಗೆ ಹೋಗಬೇಕು ಕಣವ್ವ, ಕಾಲು ನೋಯ್ತೈತೆ. ನೀನೇ ನೆಗೆದು ನೋಡ್ಕಂಡು ಬಾ, ಆ ಮನೇಲಿ ಯಾರವ್ರೆ?" ಎಂದರು.

ಸಿಂಚನಾ ಬಹಳ ಹೊತ್ತು ನಿಂತಳು. ಆಮೇಲೆ ಚಪ್ಪಲಿ ಕಳಚಿಟ್ಟು ಬಂದು ಏಳರಲ್ಲಿ ಕಾಲಿಟ್ಟಳು, ನೆಗೆದಳು. ಬಗ್ಗಿ ನೋಡಿ, "ಎಂಟು ಅವ್ನೆ" ಎಂದಳು. ಇನ್ನೊಂದು ನೆಗೆದು, "ಇಲ್ಲಿ ಒಂಬತ್ತು ಅವ್ನೆ." ಹಾಗೇ ಹೋದಳು, ಹಾಗೇ ಹಿಂದಕ್ಕೂ ನೆಗೆಯುತ್ತಾ ಬಂದಳು. ಒಂಬತ್ತು, ಎಂಟು, ಏಳು. ಮಗು ಹಿಂದಿನಿಂದ ಎಣಿಸುತ್ತಿದೆ ಎಂದು ಮೊದಲು ಗಮನಿಸಿದವರು ಮುರುಗಪ್ಪ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡುವುದನ್ನೇ ಅವರು ಮರೆತಿದ್ದರು.

ಆ ದಿನ ಅವರು ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಮುಂದಿನ ಶನಿವಾರ ಕರೆಯದೆಯೇ ಬಂದರು. ಅದರ ಮುಂದಿನ ಶನಿವಾರವೂ. ಅವರ ಹಿಂದೆ ವ್ಯಾನಿನ ಮಕ್ಕಳು ಒಂದೊಂದಾಗಿ ಅಂಗಳಕ್ಕೆ ಇಣುಕತೊಡಗಿದವು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ತಾವೂ ಬೇವಿನ ಕಟ್ಟೆಯ ಮೇಲೆ ಕೂತು ಆಟ ನೋಡಿದರು. ತಮ್ಮ ಮಗು ಎಣಿಸುವಾಗ ನಗುತ್ತಿದೆ ಎಂಬುದೇ ಎಷ್ಟೋ ಜನರಿಗೆ ಹೊಸ ಸಂಗತಿ.

ಬೇಸಿಗೆ ಕಳೆಯಿತು. ಊರವರ ಸಭೆ ಅಂಗನವಾಡಿಯ ಮುಂದೆಯೇ ಸೇರಿತು. ಕೇಂದ್ರವನ್ನು ಆಚೆ ಊರಿಗೆ ಸೇರಿಸಿದರೆ ಯಾರದಾದರೂ ಅಭ್ಯಂತರವುಂಟೇ ಎಂದು ಇಲಾಖೆಯಿಂದ ಬಂದವರು ಕೇಳಿದರು. ಹೂ ಬಿಡಿಸುವ ಹೆಂಗಸರು ಹಿಂದೆ ನಿಂತಿದ್ದರು. ಅವರಿಗೆ ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ. ದಾಕ್ಷಾಯಿಣಿ ಬಾಗಿಲಿಗೆ ಒರಗಿ ನಿಂತು ನೆಲ ನೋಡುತ್ತಿದ್ದರು. ಆಗ ಮುರುಗಪ್ಪ ಎದ್ದರು.

"ನಮ್ಮ ಹುಡ್ರು ಹೈವೇ ದಾಟಬೇಕೇನ್ರಿ? ಅದು ಆಗದ ಮಾತು" ಎಂದರು. "ಇಲ್ಲಿಂದ ಮೊದಲು ಮಗು ಬಿಡಿಸಿದೋನು ನಾನು. ಈ ಸಲ ಮೊದಲು ಸೇರಿಸೋನೂ ನಾನೇ. ಬರ್ಕಳ್ರಿ, ಸಿಂಚನಾ. ಆಮೇಲೆ ಯಾರ್ಯಾರು ಬರ್ತೀರೋ ಬರ್ರಿ, ನಿಂತ್ಕಳ್ರಿ."

ಒಬ್ಬರು ಬಂದರು. ಅವರ ಹಿಂದೆ ಇಬ್ಬರು. ಮಮತಾ ಬಂದು ಮಾವನ ಪಕ್ಕ ನಿಂತರು. ಹೂವಿನ ಹೆಂಗಸರು ಬುಟ್ಟಿ ಕೆಳಗಿಟ್ಟು ಮುಂದೆ ಬಂದರು. ಸಾಲು ಬೇವಿನ ಮರ ದಾಟಿ ರಸ್ತೆಗೆ ಹೋಯಿತು. ಇಲಾಖೆಯವರು ಕೇಂದ್ರ ಇಲ್ಲೇ ಇರಲಿ ಎಂದು ಬರೆದುಕೊಂಡು ಎದ್ದರು. ಮೇಲ್ವಿಚಾರಕಿ ಹೊರಡುವಾಗ ದಾಕ್ಷಾಯಿಣಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಹೋದರು. ಅಂದು ಸಂಜೆ ನಿಂಗಕ್ಕ ಯಾರೂ ಹೇಳದಿದ್ದರೂ ಪಾಯಸ ಮಾಡಿದರು.

ಈಗ ಕೇಂದ್ರದಲ್ಲಿ ಇಪ್ಪತ್ತೇಳು ಮಕ್ಕಳು. ಕುರ್ಚಿ ಸಾಲದೆ ಬಸ್ಸಿನ ಹಿಂದೆ ಒಂದು ಚಾಪೆಯೂ ಸೇರಿಕೊಂಡಿದೆ. ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು ಗಿರೀಶ್, ಇಲ್ಲಿಂದ ಒಂದನೇ ತರಗತಿಗೆ ಬರುವ ಮಕ್ಕಳನ್ನು ಗುರುತಿಸುವುದು ಸುಲಭ ಎನ್ನುತ್ತಾರೆ. "ಬೋರ್ಡ್ ಮೇಲೆ ಅಂಕಿ ಬರೆದ್ರೆ ಉಳಿದ ಮಕ್ಕಳು ಸುಮ್ಮನಾಗ್ತಾವೆ. ಇವು ಮಾತ್ರ ನಗ್ತಾ ಮುಂದಕ್ಕೆ ಬರ್ತಾವೆ. ತಪ್ಪು ಹೇಳೋಕೂ ಹೆದರಲ್ಲ, ಸರಿ ಮಾಡ್ಕಳ್ಳೋಕೂ ಹೆದರಲ್ಲ."

ಮಾತು ಊರು ದಾಟಲು ತಡವಾಗಲಿಲ್ಲ. ಕಳೆದ ವರ್ಷ ಚಿತ್ರದುರ್ಗದಲ್ಲಿ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಇತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದೆಲ್ಲ ಬಂದಿದ್ದರು. ಒಂದು ಗಂಟೆ ಮಾತಾಡಲು ಮೇಲ್ವಿಚಾರಕಿ ದಾಕ್ಷಾಯಿಣಿಯ ಹೆಸರು ಕೊಟ್ಟುಬಿಟ್ಟಿದ್ದರು. ಸುದ್ದಿ ಕೇಳಿದ ಕೂಡಲೇ ಇವರು ಒಲ್ಲೆ ಎಂದರು. ಮೈಕಿನ ಮುಂದೆ ನಿಂತರೆ ತಮ್ಮ ಹೆಸರೇ ಮರೆತುಹೋಗುತ್ತದೆ ಎಂದರು. ಗಂಡ ನಾಗರಾಜ್ ಮೋಟಾರಿಗೆ ತಂತಿ ಸುತ್ತುತ್ತಾ ತಲೆಯೆತ್ತದೆಯೇ ಹೇಳಿದರಂತೆ, "ಮಕ್ಕಳ ಮುಂದೆ ಮಾತಾಡಲ್ವ ನೀನು? ಅವ್ರೂ ಒಂದು ಕಾಲಕ್ಕೆ ಮಕ್ಕಳೇ."

ಸಭಾಂಗಣ ತುಂಬಿತ್ತು. ದಾಕ್ಷಾಯಿಣಿ ವೇದಿಕೆ ಹತ್ತಿ ಮೈಕು ಹಿಡಿದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಹಿಂದೆ ಸೀರೆಗಳ ಸಮುದ್ರ. ಬರೆದು ತಂದಿದ್ದ ಚೀಟಿಯ ಅಕ್ಷರಗಳು, ಹಳೇ ಕಾಲದ ಇರುವೆಗಳಂತೆ, ಹರಿದಾಡತೊಡಗಿದವು. ಅವರು ಚೀಟಿಯನ್ನು ಮಡಚಿದರು. ಮೈಕನ್ನು ಮೇಜಿನ ಮೇಲಿಟ್ಟರು. ಕೆಳಗಿಳಿದು ಬಂದು, ತಮ್ಮ ಅಂಗಳದಲ್ಲಿ ಕೂಗುವ ದನಿಯಲ್ಲೇ ಹೇಳಿದರು. "ಎಲ್ಲಾರೂ ಎದ್ದೇಳ್ರಿ. ಕುರ್ಚಿ ಸಾಲಾಗಿ ಇಟ್ಕಳ್ರಿ. ಹಿರಿಯೂರಿಗೆ ಹೋಗಾಣ, ಬಸ್ ಬಂದೈತೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕುರ್ಚಿ ಎಳೆದರು. ಇನ್ನೊಬ್ಬರು ಎಳೆದರು. ನೋಡನೋಡುತ್ತಿದ್ದಂತೆ ಸಭಾಂಗಣವೇ ಬಸ್‌ ನಿಲ್ದಾಣವಾಯಿತು. ತಲೆ ನರೆತ ಕಾರ್ಯಕರ್ತೆಯರು ದಾಕ್ಷಾಯಿಣಿ ಚೀಲದಿಂದ ತೆಗೆದು ಹಂಚಿದ ಟಿಕೆಟ್ ಹಿಡಿದು ಸೀಟು ಹುಡುಕಿದರು, ಕಿಟಕಿ ಪಕ್ಕ ಬೇಕೆಂದು ಜಗಳವಾಡಿದರು. ಒಂದು ಬಸ್ಸಿನಲ್ಲಿ ಹನ್ನೊಂದು ಬಂದಿರಲಿಲ್ಲ. ಎಲ್ಲರೂ ಹುಡುಕಿದರು. ಹನ್ನೊಂದನೇ ಟಿಕೆಟ್ಟನ್ನು ದಾಕ್ಷಾಯಿಣಿ ಮುಂದಿನ ಸಾಲಿನ ಹಿರಿಯ ಅಧಿಕಾರಿಗೆ ಕೊಟ್ಟಿದ್ದರು. ಅವರು ಕೈಯೆತ್ತಿ, ನಗುತ್ತಾ ಬಂದು, ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಕೂತರು. ಬಸ್ಸು ಹೊರಟಿತು. ಚಪ್ಪಾಳೆ ಹೊರಗಿನ ರಸ್ತೆಯವರೆಗೂ ಕೇಳಿಸಿತೆಂದು ಅಂದು ಬಂದಿದ್ದವರು ಈಗಲೂ ಹೇಳುತ್ತಾರೆ.

"ಆಟ ಮುಗಿದ ಮೇಲೆ ಕೇಳಿದೆ, ಈಗ ಹೇಳ್ರಿ, ಹನ್ನೊಂದು ಇಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು ಅಂತ. ಅಲ್ಲಿಂದ ಮಾತು ತಾನಾಗೇ ಬಂತು. ಗಂಟೆ ಆಗಿದ್ದೇ ಗೊತ್ತಾಗ್ಲಿಲ್ಲ" ಎಂದು ದಾಕ್ಷಾಯಿಣಿ ಹೇಳುವಾಗ ಮುಖದಲ್ಲಿ ಇನ್ನೂ ಆ ದಿನದ ಬಿಸುಪಿದೆ.

ಅಂದು ಹೊಳಲ್ಕೆರೆಯ ಹಿರಿಯ ಕಾರ್ಯಕರ್ತೆ ಬಸಮ್ಮ ದಾಕ್ಷಾಯಿಣಿಯ ಕೈ ಹಿಡಿದು, "ನಮ್ಮೂರಿಗೂ ಒಂದಿನ ಬಾರವ್ವ" ಎಂದು ಕರೆದರು. ಹೋದರು. ಹೊಸದುರ್ಗದವರು ಕರೆದರು, ಅಲ್ಲಿಗೂ ಹೋದರು. ಈಗ ದಾಕ್ಷಾಯಿಣಿಯ ಫೋನಿನ ತುಂಬ ಬೇರೆ ಬೇರೆ ಊರಿನ ಅಂಗಳಗಳ ಚಿತ್ರಗಳು. ಹೊಸದುರ್ಗದ ಕಡೆ ತೆಂಗಿನ ಚಿಪ್ಪಿನಲ್ಲಿ ಅಂಕಿಗಳ ದಾರಿ ಮಾಡಿದ್ದಾರೆ. ಹೊಳಲ್ಕೆರೆಯಲ್ಲಿ ಬಸ್ಸು ಹೋಗಿ ರೈಲಾಗಿದೆ. ಯಲ್ಲದಕೆರೆಯ ಒಂದು ಕೇಂದ್ರದಲ್ಲಿ ಮಕ್ಕಳು ಕುರಿಗಳಾಗಿ, ಕೊರಳಿಗೆ ಅಂಕಿ ಕಟ್ಟಿಕೊಂಡು, ಸಾಲು ತಪ್ಪದೆ ದೊಡ್ಡಿ ಸೇರುತ್ತವೆ. ಇದನ್ನೆಲ್ಲ ಬಂದವರಿಗೆ ತೋರಿಸುತ್ತಾ, "ನನ್ನ ಆಟ ಅಂತ ಈಗ ಯಾವುದೂ ಇಲ್ಲ, ನೋಡ್ರಿ. ಎಲ್ಲಾರ್ದೂ ಆಗೈತೆ" ಎನ್ನುತ್ತಾರೆ. ಆ ಮಾತಿನಲ್ಲಿ ಬೇಸರದ ಎಳೆಯೂ ಇಲ್ಲ.

ಪ್ರಶಸ್ತಿಗೆ ಅರ್ಜಿ ಹಾಕಿ ಎಂದು ಹೇಳುವವರಿದ್ದಾರೆ. ಅಂಥವರಿಗೆ ಅವರದು ಒಂದೇ ಉತ್ತರ. ಇಟ್ಟುಕೊಳ್ಳಲು ಮನೆಯಲ್ಲಿ ಶೋಕೇಸ್ ಇಲ್ಲ. ಹಾಗಾದರೆ ಆಸೆಯೇ ಇಲ್ಲವೇ ಎಂದರೆ ಒಳಕ್ಕೊಮ್ಮೆ ಇಣುಕಿ ನೋಡುತ್ತಾರೆ. ಮಕ್ಕಳು ಊಟ ಮುಗಿಸಿ ಮಲಗಿವೆ. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ.

"ಒಂದು ಐತೆ" ಎಂದು ದನಿ ತಗ್ಗಿಸಿ ಹೇಳುತ್ತಾರೆ. "ನಾನು ತಟ್ಟೆ ಹಂಚೋ ಪಾಠ ಶುರು ಮಾಡಿದ ಹೊಸತರಾಗೆ ಇಲ್ಲಿ ಕಲ್ತ ಹುಡುಗಿಯೊಬ್ಬಳು ಅವ್ಳೆ. ಇದೇ ಊರಿಗೆ ಕೊಟ್ಟವ್ರೆ. ಮೊನ್ನೆ ಅವರ ಮನೆ ಮುಂದೆ ಹಾದು ಬರ್ತಿದ್ದೆ. ಜಗಲಿ ಮೇಲೆ ಹೂ ಕಟ್ತಾ ಕುಂತಿದ್ಲು, ಮಡಿಲಾಗೆ ಕೂಸು. ಒಂದೊಂದು ಹೂ ಇಟ್ಟಂಗೂ ಕೂಸಿನ ಕಿವಿಗೆ ಬೀಳಂಗೆ ಎಣಿಸ್ತಿದ್ಲು. ಯಾರೇ ನಿಂಗೆ ಇದೆಲ್ಲ ಹೇಳ್ಕೊಟ್ಟೋರು ಅಂದೆ. ನೀವೇ ಅಲ್ವ ಟೀಚರಮ್ಮ, ಅಂದ್ಲು. ನಂಗೆ ನೆನಪೇ ಇರ್ಲಿಲ್ಲ. ಆ ಕೂಸು ನಡ್ಕಂಡು ನಮ್ಮ ಹೊಸ್ತಿಲು ದಾಟೋ ದಿನ ನಾನು ಇಲ್ಲಿ ಇರ್ಬೇಕು, ಅಷ್ಟೇ. ಅದು ಅವ್ವನ ಮಡಿಲಾಗೆ ಎಲ್ಲಿ ತನಕ ಕಲ್ತು ಬರುತ್ತೋ ಬರ್ಲಿ. ಅಲ್ಲಿಂದ ಮುಂದಕ್ಕೆ ನಾನು ಹೇಳ್ಕೊಡ್ತೀನಿ."